ನೀರಿನಲ್ಲಿ ನಿಲ್ಲುವ ಗುಲಾಬಿ

ಮನೆಯಂಗಳದಲ್ಲಿ ಗುಲಾಬಿಯ ಗಿಡವನ್ನು ಸಾಕಿದವರಿಗೆ ನಾವು ಹೇಳಿಕೊಡಬೇಕಾಗಿಲ್ಲ: ಬುಡದಲ್ಲಿ ನೀರು ನಿಂತರೆ ಅದು ಉಳಿಯದು. ಬೇರಿಗೆ ಗಾಳಿ ಬೇಕು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲ. ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ಮಡಿಯನ್ನು ಎತ್ತರಿಸಿ, ಮರಳು ಬೆರೆಸಿ ನಾವು ಪಡುವ ಪಾಡೆಲ್ಲವೂ ಇದಕ್ಕಾಗಿಯೇ. ಹೀಗಿರಲು, ಮಳೆಗಾಲದ ನೆರೆಯಲ್ಲಿ ಮುಳುಗಿ, ನೀರಿಳಿದ ಬಳಿಕ ಮರಳಿ ಚಿಗುರುವ ಗುಲಾಬಿಯೊಂದು ನಮ್ಮ ದೇಶದಲ್ಲಿಯೇ ಉಂಟೆಂದರೆ ಯಾರು ತಾನೇ ನಂಬಿಯಾರು?

ಸಸ್ಯಶಾಸ್ತ್ರದಲ್ಲಿ ಅದಕ್ಕೆ ರೋಸಾ ಕ್ಲೈನೋಫಿಲ್ಲಾ ಎಂದು ಹೆಸರು. ಕಾಡುಗುಲಾಬಿಗಳು ನೂರಕ್ಕೂ ಹೆಚ್ಚು ಜಾತಿಗಳಾಗಿದ್ದು, ಎಲ್ಲವೂ ಭೂಮಧ್ಯರೇಖೆಯ ಉತ್ತರಕ್ಕೇ ಹುಟ್ಟಿದವು. ಬಹುಪಾಲು ತಂಪು ಸೀಮೆಗಳನ್ನು ನೆಚ್ಚಿದವು. ಭಾರತದಲ್ಲಿಯೂ ಅವುಗಳ ತವರು ಮುಖ್ಯವಾಗಿ ಹಿಮಾಲಯ. ದಕ್ಷಿಣದಲ್ಲಿ ನೀಲಗಿರಿ, ಪಳನಿ ಬೆಟ್ಟಗಳ ನೆತ್ತಿಯ ಮೇಲೆ ಬಿಳಿಯ ಹೂವಿನ ಬಳ್ಳಿಗುಲಾಬಿಯೊಂದಿದೆ. ಅದೂ ಚಳಿಯನ್ನೇ ಹುಡುಕಿಕೊಂಡು ಹೋದದ್ದು. ನಮ್ಮ ಕ್ಲೈನೋಫಿಲ್ಲಾ ಮಾತ್ರ ಸೆಕೆಯ ಬಯಲಿಗಿಳಿಯಿತು. ಬಂಗಾಳ, ಬಿಹಾರ, ಅಸ್ಸಾಮುಗಳ ಹೊಳೆದಂಡೆಗಳಲ್ಲಿ, ಬಾಂಗ್ಲಾದೇಶದ ಜವುಗು ನೆಲಗಳಲ್ಲಿ, ಬರ್ಮಾದೇಶದಲ್ಲಿ ಅದರ ಪೊದೆಗಳುಂಟು. ಇವೆಲ್ಲಕ್ಕೂ ಬಹುದೂರವಾದ ರಾಜಸ್ಥಾನದ ಅಬೂ ಪರ್ವತದಲ್ಲಿಯೂ ಅದು ಕಂಡುಬಂದಿರುವುದು ಸೋಜಿಗವೇ ಸರಿ.

ಹೂವು ಬಿಳಿದು, ಐದೇ ಎಸಳು, ನಡುವೆ ಹಳದಿಯ ಕೇಸರಗಳ ಗುಚ್ಛ. ಅಂಗಡಿಯ ಗುಲಾಬಿಯನ್ನು ಕಂಡ ಕಣ್ಣಿಗೆ ಇದು ಬಡವಾಗಿ ತೋರೀತು. ನಮಗೇನೋ ಈ ಬಡತನವೇ ಮೆಚ್ಚು. ಎಲೆಯ ಬುಡದಲ್ಲಿ ನೇರವಾದ ಮುಳ್ಳುಗಳು ಜೋಡಿಜೋಡಿಯಾಗಿ ನಿಂತಿರುತ್ತವೆ. ಕಾಯಿ ದುಂಡಗೆ, ಮೈಯೆಲ್ಲ ನವಿರಾದ ರೋಮ. ಮೊಗ್ಗಿನ ಕೆಳಗೆ ಅದನ್ನು ಅಪ್ಪಿಕೊಂಡಂತೆ ಪುಟ್ಟ ಎಲೆಗಳಿರುವುದೇ ಇದರ ಮುಖ್ಯ ಲಕ್ಷಣ. ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ರಾಕ್ಸ್‌ಬರ್ಗನು ಅದನ್ನೇ ಕಂಡು ‘ಸುತ್ತಿಕೊಂಡದ್ದು’ ಎಂಬರ್ಥದ ಇನ್ವೊಲ್ಯೂಕ್ರೇಟಾ ಎಂಬ ಹೆಸರನ್ನಿತ್ತನು. ಆದರೆ ಆ ಹೆಸರು 1820ರಲ್ಲಿ ಅಚ್ಚಾಗುವುದಕ್ಕೆ ಮೊದಲೇ, 1817ರಲ್ಲಿ, ಪ್ಯಾರಿಸ್ಸಿನಲ್ಲಿ ರೆಡೂಟೆಯ ಚಿತ್ರಗಳಿದ್ದ ಗ್ರಂಥದಲ್ಲಿ ತೋರಿಯು ‘ಓರೆಯೆಲೆಯದು’ ಎಂದು ಹೆಸರಿಸಿಬಿಟ್ಟಿದ್ದನು. ಮೊದಲು ಅಚ್ಚಾದದ್ದೇ ನಿಂತಿತು.

ಅದೇ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ 1836ರಲ್ಲಿ ಹಾರ್ಡಿ ಎಂಬವನ ಕೈಯಲ್ಲಿ ಪರ್ಷಿಯಾದ ಒಣನೆಲದ ಗುಲಾಬಿಗೂ ನಮ್ಮ ಜವುಗಿನ ಗುಲಾಬಿಗೂ ಹುಟ್ಟಿದ ಸಂಕರವೊಂದು ಹೂಬಿಟ್ಟಿತು: ಹಳದಿಯ ಎಸಳು, ಬುಡದಲ್ಲಿ ಕೆಂಪು ಬೊಟ್ಟು. ಹೂವು ಚೆಲುವು, ಗಿಡ ಕೋಮಲ. ತೋಟಗಳಲ್ಲಿ ಅದು ಸುಲಭವಾಗಿ ಬಾಳಲಿಲ್ಲ.

ಆಮೇಲೆ ಬಹುಕಾಲ ಯಾರೂ ಈ ಗಿಡವನ್ನು ಅಷ್ಟಾಗಿ ನೆನೆಯಲಿಲ್ಲ. ನಮ್ಮ ತೋಟದ ಗುಲಾಬಿಗಳು ಬಹುಮಟ್ಟಿಗೆ ಯೂರೋಪು ಮತ್ತು ಚೀನದ ತಳಿಗಳ ಸಂತತಿ. ಸೆಕೆಯೂ ಮಳೆಯೂ ಕೂಡಿದಲ್ಲಿ ಅವು ನರಳುತ್ತವೆ. ಬಯಲಿನ ಈ ಗುಲಾಬಿಯ ರಕ್ತವನ್ನು ಅವುಗಳಲ್ಲಿ ಬೆರೆಸಿದರೆ ಉಷ್ಣದೇಶಕ್ಕೆ ಒಗ್ಗುವ ತಳಿ ದೊರೆಯಬಹುದೆಂದು ಕೊಡೈಕಾನಲ್ಲಿನ ವೀರರಾಘವನ್ ಮತ್ತು ಗಿರಿಜಾ ದಂಪತಿಗಳು ದಶಕಗಳ ಕಾಲ ದುಡಿದು, ಅದರಿಂದ ಹೊಸ ಗುಲಾಬಿಗಳನ್ನು ಬೆಳೆಸಿದರು.

ಆದರೆ ಬೆರೆಸುವುದಕ್ಕೆ ಮೂಲದ ಗಿಡವು ಇರಬೇಕಷ್ಟೆ. ಜವುಗನ್ನು ಬತ್ತಿಸಿ ಗದ್ದೆ ಮಾಡಿದಲ್ಲಿ, ದಂಡೆಯ ಪೊದೆಯನ್ನು ಸೌದೆಗೆಂದು ಕಡಿದಲ್ಲಿ ಇದಕ್ಕೆ ನೆಲೆಯಿಲ್ಲ. ಬಂಗಾಳದ ಕಡೆ ದೋಣಿಯಲ್ಲಿ ಹೋಗುವ ವಾಚಕರು ನೀರಂಚಿನಲ್ಲಿ ಐದೆಸಳಿನ ಬಿಳಿಯ ಹೂವನ್ನು ಕಂಡರೆ, ಕೀಳದೆ, ಮೊಗ್ಗಿನ ಬುಡವನ್ನೊಮ್ಮೆ ಬಗ್ಗಿ ನೋಡಲಿ. ಪುಟ್ಟ ಎಲೆಗಳು ಅಪ್ಪಿಕೊಂಡಿದ್ದರೆ ಅದು ಇದೇ.