ಸೇತುವೆ ಕೆಲಸಕ್ಕೆಂದು ದೋಣಿ ನಿಲ್ಲಿಸಿದರೆ ಮನೆಯಾಕೆ ಏನು ಮಾಡಬೇಕು?

‘ಸೇತುವೆ ಕಾಮಗಾರಿ ನಡೆಯುತ್ತಿದೆ. ದೋಣಿ, ತೆಪ್ಪ, ಹರಿಗೋಲು ಸಂಚಾರ ನಿಷೇಧಿಸಲಾಗಿದೆ.’

ಹೊಳೆಯ ದಂಡೆಯಲ್ಲಿ ಇಂಥದೊಂದು ಫಲಕ ನೆಟ್ಟರೆ ಮನೆಯ ಗಂಡಸರು ನಾಲ್ಕು ಮಾತು ಗೊಣಗಿ, ಬೈಕು ತಿರುಗಿಸಿ ಸುತ್ತುದಾರಿ ಹಿಡಿಯುತ್ತಾರೆ. ಆದರೆ ಆಚೆ ದಡದ ಡೈರಿಗೆ ಹಾಲು ಹಾಕುವಾಕೆ? ತಿಂಗಳು ತುಂಬಿದ ಮಗಳನ್ನು ತೋರಿಸಲು ಆಸ್ಪತ್ರೆಗೆ ಹೊರಟ ತಾಯಿ? ಹೊತ್ತು ಮುಳುಗುವುದರೊಳಗೆ ಶಾಲೆಯಿಂದ ಬರಬೇಕಾದ ಮಕ್ಕಳು? ‘ಅಯ್ಯೋ, ಇದೇನ್ರೀ ಕಾಟ! ಸೇತುವೆ ಕಟ್ಟೋದು ನಮ್ಮ ಅನುಕೂಲಕ್ಕೆ ಅಂತಾರೆ, ಇರೋ ದೋಣೀನೂ ನಿಲ್ಲಿಸ್ತಾರೆ’ ಎಂದು ಬೇಸರ ಬರುವುದು ಸಹಜ ತಾನೇ?

ಹೊನ್ನಾಳಿ, ನ್ಯಾಮತಿಯ ಸೋದರಿಯರಿಗೆ ಹೊಳೆಯ ಮಾತು ಹೊಸದಲ್ಲ. ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರಿ, ಅಲ್ಲಿಂದ ಮುಂದೆ ಇವರ ಊರುಗಳ ಪಕ್ಕದಲ್ಲೇ ಹರಿದು ಹರಿಹರಕ್ಕೆ ಹೋಗುತ್ತವೆ. ಚನ್ನಗಿರಿಯವರಿಗೆ ಸೂಳೆಕೆರೆಯೂ ಭದ್ರಾ ನಾಲೆಯೂ ಉಂಟು. ‘ನಮ್ಮದು ಬರದ ಸೀಮೆ, ದೋಣಿಯ ಸುದ್ದಿ ನಮಗೇಕೆ?’ ಎಂದು ಜಗಳೂರಿನವರು ಕೇಳಬಹುದು. ಹಾಗೆನ್ನಬೇಡಿ. ಸಿಗಂದೂರಿಗೆ ಹರಕೆ ಹೊತ್ತವರು, ಹಂಪಿ-ಆನೆಗೊಂದಿ ನೋಡಲು ಹೋದವರು, ಕಾರವಾರದ ಕಡೆ ಜಾತ್ರೆಗೆ ಹೊರಟವರು ಎಲ್ಲರೂ ಒಂದಲ್ಲ ಒಂದು ದಿನ ದೋಣಿ ಹತ್ತಿದವರೇ. ಬಯಲುಸೀಮೆಯಿಂದ ಹೋದವರಿಗೆ ಈಜು ಬಾರದಿರುವುದೇ ಹೆಚ್ಚು. ಹಾಗಾಗಿ ಈ ವಿಷಯ ನಿಮಗೂ ಬೇಕು.

ಸೇತುವೆ ಕೆಲಸಕ್ಕೂ ದೋಣಿಗೂ ಏನು ಸಂಬಂಧ, ಅದನ್ನೇಕೆ ನಿಲ್ಲಿಸುತ್ತಾರೆ, ನಿಲ್ಲಿಸಿದಾಗ ನಾವು ಏನು ಕೇಳಬೇಕು, ಮನೆಯಲ್ಲಿ ಏನು ಸಿದ್ಧತೆ ಮಾಡಿಕೊಳ್ಳಬೇಕು, ಇವಿಷ್ಟನ್ನು ಒಂದೊಂದಾಗಿ ನೋಡೋಣ.

ನೀರಿನ ರಭಸ ಹೆಚ್ಚುವುದು ಹೇಗೆ?

ನಲ್ಲಿಯ ಬಾಯಿಗೆ ಬೆರಳು ಒತ್ತಿ ಹಿಡಿದು ನೋಡಿದ್ದೀರಲ್ಲವೇ? ಬರುವ ನೀರು ಅಷ್ಟೇ, ಆದರೆ ದಾರಿ ಕಿರಿದಾದೊಡನೆ ಚಿಮ್ಮಿ ಹಾರುತ್ತದೆ. ಹೊಳೆಯಲ್ಲೂ ಆಗುವುದು ಇದೇ. ಹೊಸ ಕಂಬಕ್ಕೆ ಬುನಾದಿ ಹಾಕಲು ಕಂಬದ ಸುತ್ತ ಮಣ್ಣಿನ ದಿಬ್ಬವನ್ನೋ ಉಕ್ಕಿನ ತಗಡಿನ ಕೋಟೆಯನ್ನೋ ಕಟ್ಟಿ, ಒಳಗಿನ ನೀರನ್ನು ಹೊರಕ್ಕೆ ತೆಗೆಯುತ್ತಾರೆ. ಹೀಗೆ ಹೊಳೆಯ ಅರ್ಧ ಅಗಲ ಮುಚ್ಚಿದರೆ, ಉಳಿದ ಅರ್ಧದಲ್ಲಿ ಅಷ್ಟೂ ನೀರು ಹೋಗಬೇಕು. ಆಗ ಅದರ ವೇಗ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಮೇಲಿನಿಂದ ನೋಡಿದವರಿಗೆ ‘ಹೊಳೆ ನಿನ್ನೆಯ ಹಾಗೇ ಇದೆ’ ಎನಿಸುತ್ತದೆ. ಹುಟ್ಟು ಹಾಕುವ ಅಂಬಿಗನ ತೋಳಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಹರಿಗೋಲಿನ ಕಷ್ಟ ಇನ್ನೂ ಹೆಚ್ಚು. ಬುಟ್ಟಿಯಂತೆ ದುಂಡಗಿರುವ ಅದಕ್ಕೆ ಮುಂದು-ಹಿಂದು ಎಂಬುದಿಲ್ಲ. ಸೆಳೆತಕ್ಕೆ ಸಿಕ್ಕರೆ ಗಿರ್ರನೆ ಸುತ್ತುತ್ತದೆ. ಹೊಸದಾಗಿ ಎಬ್ಬಿಸಿದ ಕಂಬದ ಪಕ್ಕದಲ್ಲಿ ಸುಳಿ ಎದ್ದರೆ ಎಷ್ಟು ಅನುಭವಸ್ಥನಿಗೂ ಹತೋಟಿ ತಪ್ಪುತ್ತದೆ.

ಕಾಣದ ಅಪಾಯಗಳು

ನೀರಿನ ಅಡಿಯಲ್ಲಿ ಏನೇನಿರುತ್ತದೆಂದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಕ್ರೇನು ಹೊತ್ತ ತೇಲುವ ಕಟ್ಟೆಯನ್ನು ಅಲುಗಾಡದಂತೆ ನಿಲ್ಲಿಸಲು ನಾಲ್ಕೂ ದಿಕ್ಕಿಗೆ ಉಕ್ಕಿನ ಹಗ್ಗ ಎಳೆದು ಲಂಗರು ಹಾಕಿರುತ್ತಾರೆ. ಆ ಹಗ್ಗಗಳು ನೀರಿನೊಳಗೆ ಓರೆಯಾಗಿ ಇಳಿದಿರುತ್ತವೆ. ದೋಣಿಯ ತಳವೋ ಮೋಟಾರಿನ ರೆಕ್ಕೆಯೋ ಸಿಕ್ಕಿಕೊಂಡರೆ ಮುಗಿಯಿತು. ಹಳೆಯ ಸೇತುವೆ ಒಡೆಯುವಾಗಲಂತೂ ಕಾಂಕ್ರೀಟಿನ ತುಂಡುಗಳೂ, ಮುಳ್ಳಿನಂತೆ ಚಾಚಿಕೊಂಡ ಕಬ್ಬಿಣದ ಸರಳುಗಳೂ ತಳದಲ್ಲಿ ಬಿದ್ದಿರುತ್ತವೆ.

ತಲೆಯ ಮೇಲಿನ ಅಪಾಯವೂ ಕಡಿಮೆಯಲ್ಲ. ನೂರಾರು ಟನ್ ತೂಗುವ ತೊಲೆಯನ್ನು ಎತ್ತಿ ಕೂರಿಸುವಾಗ ಕೆಳಗೆ ಯಾರೂ ಇರಬಾರದು. ಮೋಟಾರು ದೋಣಿ ಎಬ್ಬಿಸಿದ ಅಲೆಗೆ ತೇಲುವ ಕಟ್ಟೆ ಗೇಣುದ್ದ ಓಲಾಡಿದರೂ, ಮೇಲೆ ತೂಗುತ್ತಿರುವ ತೊಲೆ ಮೊಳದುದ್ದ ಓಲಾಡುತ್ತದೆ. ಅಂದರೆ ದೋಣಿಯವರಿಂದ ಕೆಲಸಗಾರರಿಗೂ, ಕೆಲಸದಿಂದ ದೋಣಿಯವರಿಗೂ ಅಪಾಯ. ನಿಷೇಧದ ಗುಟ್ಟು ಇಷ್ಟೇ.

ನಮ್ಮ ಹೊಳೆಯಲ್ಲೇ ನಡೆದದ್ದು

ಇದೆಲ್ಲ ಬರಿಯ ಹೆದರಿಕೆ ಎನ್ನುವವರು ಆನೆಗೊಂದಿಯ ಕಥೆ ಕೇಳಬೇಕು. ನಮ್ಮ ಹೊನ್ನಾಳಿಯನ್ನು ಹಾದುಹೋಗುವ ಅದೇ ತುಂಗಭದ್ರೆ ಮುಂದೆ ಹಂಪಿಗೂ ಆನೆಗೊಂದಿಗೂ ನಡುವೆ ಹರಿಯುತ್ತದೆ. ಅಲ್ಲಿ ತಳವಾರಘಟ್ಟದ ಬಳಿ ಹರಿಗೋಲಿನಲ್ಲಿ ದಾಟುವುದು ಬಹುಕಾಲದ ರೂಢಿ. ಅಲ್ಲೊಂದು ಸೇತುವೆ ಬೇಕೆಂದು 1990ರ ದಶಕದಲ್ಲಿ ಕೆಲಸ ಶುರುವಾಯಿತು. ಹಂಪಿಯ ಸ್ಮಾರಕಗಳ ಅಂದಕ್ಕೆ ಧಕ್ಕೆ ಎಂಬ ಆಕ್ಷೇಪ ಬಂದು, 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಕೆಲಸ ವರ್ಷಗಟ್ಟಲೆ ನಿಂತಿತು. 2006ರಲ್ಲಿ ಆ ಪಟ್ಟಿಯಿಂದ ಹಂಪಿಯ ಹೆಸರು ಹೊರಬಂತು. ಮತ್ತೆ ಕೆಲಸ ನಡೆಯುತ್ತಿದ್ದಾಗ, 2009ರ ಜನವರಿಯಲ್ಲಿ ಸೇತುವೆ ಹೊಳೆಗೆ ಕುಸಿದುಬಿತ್ತು. ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅಂಥ ಗಳಿಗೆಯಲ್ಲಿ ಕೆಳಗೊಂದು ಹರಿಗೋಲು ಹಾಯುತ್ತಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಹಳೆಯ ಸೇತುವೆಗಳ ಕಥೆಯೂ ಹಾಗೆಯೇ. ಕಾರವಾರದಲ್ಲಿ ಕಾಳಿ ನದಿಗೆ ಕಟ್ಟಿದ್ದ ಸುಮಾರು 40 ವರ್ಷದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅದರ ಮೇಲಿದ್ದ ಲಾರಿ ನೀರಿಗೆ ಬಿತ್ತು. ಕತ್ತಲಲ್ಲಿ ಲಾರಿಯ ಚಾಲಕನನ್ನು ಬದುಕಿಸಿದವರಲ್ಲಿ ಅಲ್ಲಿಯ ಮೀನುಗಾರರೂ ಇದ್ದರು. ಪಕ್ಕದಲ್ಲೇ ಹೊಸ ಸೇತುವೆ ಇದ್ದುದರಿಂದ ವಾಹನಗಳಿಗೆ ದಾರಿ ಸಿಕ್ಕಿತು. ಆದರೆ ಬಿದ್ದ ಸೇತುವೆಯ ತುಂಡುಗಳು ಹೊಳೆಯಲ್ಲೇ ಉಳಿದವು. ಹೊಳೆಯನ್ನು ಬಲ್ಲವರ ಸಹಾಯ ಇಂಥ ಕಾಲಕ್ಕೆ ಎಷ್ಟು ಬೇಕೆಂಬುದು ಇದರಿಂದ ತಿಳಿಯುತ್ತದೆ. ದೋಣಿ ನಿಲ್ಲಿಸುವ ಮುನ್ನ ಅಂಬಿಗರನ್ನೂ ಮೀನುಗಾರರನ್ನೂ ಕೂರಿಸಿಕೊಂಡು ಮಾತಾಡಬೇಕು ಎನ್ನುವುದು ಇದಕ್ಕೇ.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ

ಹಾಗಾದರೆ ಎಲ್ಲವನ್ನೂ ಒಂದೇ ಏಟಿಗೆ ಮುಚ್ಚಿಬಿಡಬೇಕೇ? ಬೇಕಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2024ರ ಮಾರ್ಚ್ 26ರ ನಸುಕಿನಲ್ಲಿ ದೊಡ್ಡ ಹಡಗೊಂದು ವಿದ್ಯುತ್ ಕೈಕೊಟ್ಟು ಸೇತುವೆಯ ಕಂಬಕ್ಕೆ ಡಿಕ್ಕಿ ಹೊಡೆಯಿತು. ಸೇತುವೆ ಮುರಿದುಬಿತ್ತು. ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ 6 ಮಂದಿ ಕೆಲಸಗಾರರು ಸತ್ತರು. ಬಂದರಿನ ದಾರಿ ಮುಚ್ಚಿಹೋಯಿತು. ಆದರೆ ಅಲ್ಲಿಯವರು ಎಲ್ಲ ತುಂಡುಗಳನ್ನೂ ತೆಗೆಯುವ ತನಕ ಕಾಯಲಿಲ್ಲ. ಒಂದು ವಾರದೊಳಗೆ, ಏಪ್ರಿಲ್ 1ಕ್ಕೆ, ಪಕ್ಕದಲ್ಲಿ 11 ಅಡಿ ಆಳದ ಸಣ್ಣ ದಾರಿ ಗುರುತುಮಾಡಿ ಕೆಲಸದ ದೋಣಿಗಳಿಗೆ ಬಿಟ್ಟರು. ಆಮೇಲೆ ಇನ್ನಷ್ಟು ಆಳದ ದಾರಿಗಳು ತೆರೆದವು. ಜೂನ್ 10ಕ್ಕೆ ದೊಡ್ಡ ದಾರಿ ಪೂರ್ತಿ ಬಿಡುಗಡೆಯಾಯಿತು. ಯಾವ ದೋಣಿಗೆ, ಯಾವ ದಾರಿ, ಯಾವ ದಿನದಿಂದ ಎಂಬುದನ್ನು ಆಗಾಗ ಸಾರುತ್ತಿದ್ದರು.

ಅಷ್ಟು ದೂರವೇಕೆ, ನಮ್ಮ ಶರಾವತಿ ಹಿನ್ನೀರನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿಯ ಸುತ್ತಿನ ಊರುಗಳಿಗೆ ಸಾಗರದ ಹತ್ತಿರದ ದಾರಿ ನೀರಿನಲ್ಲಿ ಮುಳುಗಿತು. ಅಂದಿನಿಂದ ಲಾಂಚೇ ಗತಿ. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಏಳುತ್ತಿದ್ದಷ್ಟು ಕಾಲವೂ ಲಾಂಚು ಓಡುತ್ತಲೇ ಇತ್ತು. 2023ರ ಜೂನ್‌ನಲ್ಲಿ ಮಳೆ ತಡವಾಗಿ ನೀರು ತಳ ಕಂಡಾಗ ವಾಹನಗಳನ್ನು ನಿಲ್ಲಿಸಿ, ಜನರನ್ನು ಮಾತ್ರ ದಾಟಿಸಿದರು. ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಜನರಿಗೆ ದಾರಿ ಉಳಿಸಿ, ಭಾರಕ್ಕೆ ಕಡಿವಾಣ ಹಾಕುವುದು ಸಾಧ್ಯ ಎಂಬುದಕ್ಕೆ ಇದು ನಮ್ಮ ಮನೆಯ ಪಕ್ಕದ ಉದಾಹರಣೆ.

ನಿಷೇಧಕ್ಕಿಂತ ದೊಡ್ಡ ಅಪಾಯ

ಬದಲಿ ದಾರಿ ಕೊಡದೆ ಬರಿಯ ಫಲಕ ನೆಟ್ಟರೆ ಏನಾಗುತ್ತದೆ ಗೊತ್ತೇ? ಜನ ದಾಟುವುದನ್ನು ಬಿಡುವುದಿಲ್ಲ. ಕದ್ದು ದಾಟುತ್ತಾರೆ, ಕತ್ತಲಲ್ಲಿ ದಾಟುತ್ತಾರೆ. ಇಲ್ಲವೇ ದಿನಕ್ಕೆ ಎರಡೇ ಸಲ ದೋಣಿ ಎಂದಾಗ ಇಪ್ಪತ್ತು ಜನರ ದೋಣಿಗೆ ನಲವತ್ತು ಜನ ನುಗ್ಗುತ್ತಾರೆ. ‘ಇನ್ನೊಬ್ಬಳು ತಾನೇ, ಹತ್ತಲಿ ಬಿಡಿ’ ಎಂದು ನಾವೇ ಜಾಗ ಮಾಡಿಕೊಡುತ್ತೇವೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯ ದಿನ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಸತ್ತವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯಿಂದ ಜಾತ್ರೆಗೆಂದು ಹೋದವರೂ, ಮಕ್ಕಳೂ ಇದ್ದರು. ಅಲ್ಲಿ ಸೇತುವೆ ಕೆಲಸವೇನೂ ನಡೆಯುತ್ತಿರಲಿಲ್ಲ. ಆದರೆ ತುಂಬಿದ ದೋಣಿ ಎಂದರೇನೆಂಬುದು ಆ ದಿನ ಎಲ್ಲರಿಗೂ ತಿಳಿಯಿತು.

ನೀವು ಕೇಳಬೇಕಾದದ್ದು

ದೋಣಿ ನಿಲ್ಲಿಸುವ ಆದೇಶ ಬಂದಾಗ ಸುಮ್ಮನೆ ಬೈದುಕೊಂಡು ಕೂರಬೇಡಿ. ಪಂಚಾಯಿತಿಯಲ್ಲಿ ಈಗ ಅರ್ಧದಷ್ಟು ಸ್ಥಾನ ಹೆಂಗಸರದೇ. ನಿಮ್ಮ ಸಂಘದವರೆಲ್ಲ ಕೂಡಿ ಹೋಗಿ ಈ ಐದು ಮಾತು ಕೇಳಿ.

1. ಎಂದಿನಿಂದ ಎಂದಿನವರೆಗೆ? ತುರ್ತು ಅಪಾಯ ತಡೆಯಲು 163ನೇ ಕಲಮಿನಂತೆ ಹೊರಡಿಸುವ ಆದೇಶಕ್ಕೆ ಸಾಮಾನ್ಯವಾಗಿ ಎರಡು ತಿಂಗಳ ಮಿತಿ ಇದೆ. ಸರ್ಕಾರ ಬೇಕೆಂದರೆ ಅದನ್ನು ಮುಂದುವರಿಸಬಹುದು. (2024ರ ಜುಲೈಗೆ ಮುಂಚೆ ಇದನ್ನೇ 144 ಎನ್ನುತ್ತಿದ್ದರು.) ದಿನಾಂಕ ಬರೆದೇ ಕೊಡಲಿ.

2. ಇಡೀ ದಿನವೋ, ಕೆಲವು ಗಂಟೆಯೋ? ತೊಲೆ ಎತ್ತುವ ದಿನ ಪೂರ್ತಿ ಬಂದ್ ಮಾಡಲಿ. ಉಳಿದ ದಿನ ಶಾಲೆಯ ವೇಳೆ, ಹಾಲಿನ ವೇಳೆ ಬಿಡಲು ಬರುತ್ತದೆಯೇ ನೋಡಲಿ.

3. ಬದಲಿಗೆ ಏನು? ಸುತ್ತುದಾರಿಗೆ ಬಸ್ಸು ಬಿಡುತ್ತಾರೆಯೇ? ಮೇಲೆಯೋ ಕೆಳಗೆಯೋ ಸ್ವಲ್ಪ ದೂರದಲ್ಲಿ ಬೇರೆ ಕಡವು ಗುರುತಿಸುತ್ತಾರೆಯೇ?

4. ರಾತ್ರಿ ಹೊತ್ತು ಕಾಯಿಲೆಯಾದರೆ? ಎರಡೂ ದಡದಲ್ಲಿ ಯಾರನ್ನು ಕೂಗಬೇಕು, 108ರ ಗಾಡಿ ಯಾವ ದಡಕ್ಕೆ ಬರುತ್ತದೆ?

5. ಅಂಬಿಗನ ಹೊಟ್ಟೆಪಾಡು ಏನು? ಹೊಳೆಯ ಆಳ-ಸುಳಿ ಬಲ್ಲ ಅವನನ್ನೇ ಕಾವಲಿಗೆ, ರಕ್ಷಣಾ ದೋಣಿಗೆ ನೇಮಿಸಿದರೆ ಅವನ ಮನೆಯ ಒಲೆಯೂ ಉರಿಯುತ್ತದೆ, ನಮಗೂ ಕ್ಷೇಮ.

ಮನೆಯಲ್ಲಿ ಮಾಡಿಕೊಳ್ಳಬೇಕಾದದ್ದು

ಬಸುರಿ ಹೆಂಗಸು ಮನೆಯಲ್ಲಿದ್ದರೆ, ಡಾಕ್ಟರು ಹೇಳಿದ ದಿನಕ್ಕೆ ಹದಿನೈದು ದಿನ ಮುಂಚೆಯೇ ಆಸ್ಪತ್ರೆಯಿರುವ ದಡದಲ್ಲಿ ನೆಂಟರ ಮನೆಗೆ ಕಳುಹಿಸಿ. ಅದು ಚೊಚ್ಚಲು ಬಸಿರಾದರೆ ಮರೆಯಲೇ ಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ಒಂದು ತಿಂಗಳಿಗಾಗುವಷ್ಟು ತರಿಸಿಡಿ. ರೇಷನ್ನು, ಗ್ಯಾಸ್ ಸಿಲಿಂಡರು ಖಾಲಿಯಾಗುವ ತನಕ ಕಾಯಬೇಡಿ. ಪರೀಕ್ಷೆಗೆ ಕೂರುವ ಮಕ್ಕಳನ್ನು ಆಚೆ ದಡದಲ್ಲಿ ಪರಿಚಯದವರ ಮನೆಯಲ್ಲಿ ಬಿಡಲು ಮೊದಲೇ ಮಾತಾಡಿಟ್ಟುಕೊಳ್ಳಿ. ದಾಟಿಸಲಾಗದ ಹಾಲು ಉಳಿದರೆ ಹೆಪ್ಪು ಹಾಕಿ, ಬೆಣ್ಣೆ ತೆಗೆದು ತುಪ್ಪ ಕಾಸಿಡಿ. ತುಪ್ಪ ಕೆಡುವುದಿಲ್ಲ, ನಾಲ್ಕು ಕಾಸೂ ಬರುತ್ತದೆ.

ದೋಣಿ ಬಿಟ್ಟ ಹೊತ್ತಿನಲ್ಲಿ ದಾಟುವುದಾದರೆ ಜೀವರಕ್ಷಕ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ. ‘ಸೀರೆ ಮುದುಡುತ್ತೆ’ ಎಂಬ ನಾಚಿಕೆ ಬೇಡ. ನೆರಿಗೆ ಎತ್ತಿ ಸಿಕ್ಕಿಸಿ, ಕಾಲಿಗೆ ತೊಡರದಂತೆ ಕುಳಿತುಕೊಳ್ಳಿ. ಕೂಸನ್ನು ಸೆರಗಿನಲ್ಲಿ ಮೈಗೆ ಬಿಗಿದು ಕಟ್ಟಿಕೊಳ್ಳಬೇಡಿ. ಮಗುವಿಗೆ ಅದರ ಅಳತೆಯ ಜಾಕೆಟ್ಟೇ ಬೇಕು. ದಡ ಬಂತೆಂದು ಎಲ್ಲರೂ ಒಂದೇ ಬದಿಗೆ ಏಳಬಾರದು. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರದೆ, ಹಗ್ಗವನ್ನೋ ಬಿಗಿಯಾಗಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನೋ ಎಸೆಯಿರಿ.

ಇನ್ನೊಂದು ಮಾತು. ಹೊನ್ನಾಳಿಯಲ್ಲಿ ಬಿಸಿಲು ಕಾಯುತ್ತಿದ್ದರೂ ಮಲೆನಾಡಿನಲ್ಲಿ ಮಳೆ ಸುರಿದು ಗಾಜನೂರಿನಿಂದಲೂ ಭದ್ರಾ ಅಣೆಕಟ್ಟಿನಿಂದಲೂ ನೀರು ಬಿಟ್ಟರೆ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ. ಪಟ್ಟಣದ ಬಾಲರಾಜ ಘಾಟ್‌ನ ಮನೆಗಳವರಿಗೆ ಇದು ಚೆನ್ನಾಗಿ ಗೊತ್ತು. ಸೇತುವೆ ಕೆಲಸದಿಂದ ಹೊಳೆಯ ದಾರಿ ಕಿರಿದಾಗಿರುವಾಗ ಈ ಏರಿಕೆ ಇನ್ನೂ ಜೋರು. ಆಕಾಶ ನೋಡಿ ಧೈರ್ಯ ಮಾಡಬೇಡಿ. ಅಣೆಕಟ್ಟಿನ ಸುದ್ದಿ ಕೇಳಿ ಹೊರಡಿ.

ಸೇತುವೆ ನಿಂತ ಮೇಲೆ ಮಗಳು ನಡುರಾತ್ರಿಯಲ್ಲೂ ಆಸ್ಪತ್ರೆ ಮುಟ್ಟುತ್ತಾಳೆ, ಮಕ್ಕಳು ಮಳೆಗಾಲದಲ್ಲೂ ಶಾಲೆಗೆ ಹೋಗುತ್ತಾರೆ. ಅಲ್ಲಿಯ ತನಕ ಕೆಲವು ತಿಂಗಳು ತಾಳ್ಮೆ ಬೇಕು, ನಿಜ. ಆದರೆ ತಾಳ್ಮೆ ನಮ್ಮದಾದರೆ, ಮುಂಚಿತವಾಗಿ ತಿಳಿಸುವ, ಬದಲಿ ದಾರಿ ಕೊಡುವ ಹೊಣೆ ಅವರದು. ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಕ್ಕದ ಮನೆಯಾಕೆಯನ್ನೂ ಜೊತೆಗೆ ಕರೆದುಕೊಳ್ಳಿ.