ರೆಸ್ಯೂಮೆ ಜೊತೆಗೆ ಕ್ರೆಡಿಟ್ ರಿಪೋರ್ಟನ್ನೂ ಒಮ್ಮೆ ನೋಡ್ಕೊಳ್ಳಿ

ಪ್ಲೇಸ್‌ಮೆಂಟ್ ಹತ್ತಿರ ಬಂತು ಅಂದ್ರೆ ಎಲ್ಲರೂ ರೆಸ್ಯೂಮೆ ತಿದ್ದೋಕೆ ಕೂರ್ತೀವಿ. ಆದರೆ ನಮ್ಮ ಬಗ್ಗೆ ಬೇರೆಯವರು ಬರೆದಿಡೋ ಇನ್ನೊಂದು ದಾಖಲೆ ಇದೆ. ಅದೇ ಕ್ರೆಡಿಟ್ ರಿಪೋರ್ಟ್.

ಎಜುಕೇಶನ್ ಲೋನ್, ಕ್ರೆಡಿಟ್ ಕಾರ್ಡ್, ಇಎಂಐನಲ್ಲಿ ತಗೊಂಡ ಫೋನ್, ಆ್ಯಪ್‌ನಲ್ಲಿ ಪಡೆದ ಸಣ್ಣ ಸಾಲ, ಎಲ್ಲವೂ ಅದರಲ್ಲಿ ಸೇರಬಹುದು. ಅಪ್ಪ ಸಹ-ಸಾಲಗಾರರಾಗಿದ್ದರೆ, ಕಂತು ತಪ್ಪಿದಾಗ ಅವರ ರಿಪೋರ್ಟಿಗೂ ಪೆಟ್ಟು. ಭಾರತದಲ್ಲಿ ಈ ಲೆಕ್ಕ ಇಡೋದು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಇವು 2005ರ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿವೆ. ಸ್ಕೋರ್ 300ರಿಂದ 900ರವರೆಗೆ ಇರುತ್ತೆ.

ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಆಯ್ಕೆಯಾಗಿದ್ದ ಅಭ್ಯರ್ಥಿಯೊಬ್ಬರ ಸಾಲದ ದಾಖಲೆ ಸರಿಯಿಲ್ಲವೆಂದು ಎಸ್‌ಬಿಐ ನೇಮಕಾತಿ ರದ್ದುಮಾಡಿತ್ತು. 2025ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಖಾಸಗಿ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ಫಾರ್ಮಿಗೆ ಸಹಿ ಹಾಕೋ ಮುಂಚೆಯೂ ಯಾವ ಯಾವ ಮಾಹಿತಿಗೆ ಒಪ್ಪಿಗೆ ಕೇಳಿದ್ದಾರೆ ಅಂತ ಪೂರ್ತಿ ಓದಿ.

ಈಗ ನಮ್ಮ ಹಕ್ಕುಗಳು:

1. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಇಳಿಯಲ್ಲ.

2. ತಪ್ಪಿದ್ದರೆ ಆ ಸಂಸ್ಥೆಗೆ ಅಥವಾ ಸಾಲ ಕೊಟ್ಟ ಬ್ಯಾಂಕಿಗೆ ದೂರು ಕೊಡಬಹುದು. 30 ದಿನದೊಳಗೆ ಇತ್ಯರ್ಥ ಆಗಬೇಕು.

3. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

4. ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಆದರೆ ಒಂದು ಮಾತು. ಈ ಹಕ್ಕು ಇರೋದು ತಪ್ಪನ್ನು ತಿದ್ದಿಸೋಕೆ. ನಿಜವಾಗಿ ಕಟ್ಟದೆ ಬಿಟ್ಟ ಕಂತನ್ನು ಅಳಿಸೋಕಲ್ಲ. "ದುಡ್ಡು ಕೊಡಿ, ಸ್ಕೋರ್ ಸರಿ ಮಾಡ್ತೀವಿ" ಅನ್ನೋರ ಮಾತಿಗೆ ಮರುಳಾಗಬೇಡಿ. ಬ್ಯಾಂಕು ಕಡಿಮೆ ಮೊತ್ತಕ್ಕೆ ರಾಜಿಗೆ ಒಪ್ಪಿದರೆ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬರುತ್ತೆ. ಪೂರ್ತಿ ತೀರಿಸಿದರೆ ಮಾತ್ರ 'ಕ್ಲೋಸ್ಡ್'. ಮುಂದೆ ಸಾಲ ಕೊಡೋರು ಈ ಎರಡನ್ನೂ ಒಂದೇ ಥರ ನೋಡಲ್ಲ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ 'ನೋ ಡ್ಯೂಸ್' ಪತ್ರ ಕೇಳಿ ಇಟ್ಕೊಳ್ಳಿ.

ತಿದ್ದುಪಡಿಗೆ ಒಂದು ತಿಂಗಳು ಹಿಡಿಯಬಹುದು. ಆಫರ್ ಲೆಟರ್ ಅಷ್ಟು ದಿನ ಕಾಯಲ್ಲ. ಅದಕ್ಕೇ ಏಳನೇ ಸೆಮಿಸ್ಟರ್ ಶುರುವಿನಲ್ಲೇ ಒಮ್ಮೆ ತೆಗೆದು ನೋಡಿ.