ಹೊದಿಕೆಯೋ, ಗುರಾಣಿಯೋ?

ವಿಶ್ವಸಂಸ್ಥೆಯ 'ಈಜಿಸ್' ಅಡಿಯಲ್ಲಿ ಮಾತುಕತೆ ನಡೆಯಿತೆಂಬಂತಹ ಇಂಗ್ಲಿಷ್ ವಾಕ್ಯಗಳನ್ನು ಅನುವಾದಿಸುವಾಗಲೆಲ್ಲ ನಾನು ಹೆಚ್ಚು ಯೋಚಿಸದೆ 'ಆಶ್ರಯದಲ್ಲಿ' ಎಂದು ಬರೆದುಬಿಡುತ್ತಿದ್ದೆ. ಆ ಪದದ ಮೂಲವನ್ನು ಅರಸಿ ಹೊರಟಾಗ ಎದುರಾದದ್ದು ಒಂದು ಆಡಿನ ತೊಗಲು!

ಗ್ರೀಕರ 'ಐಗಿಸ್' ಇದರ ಪೂರ್ವರೂಪ. ಅವರ ಭಾಷೆಯಲ್ಲಿ ಆಡಿಗೆ 'ಐಕ್ಸ್' ಎಂದು ಹೆಸರು. ಆದ್ದರಿಂದ ಐಗಿಸ್ ಎಂದರೆ ಆಡಿನ ಚರ್ಮವೆಂಬ ಅರ್ಥ ರೂಢವಾಯಿತು. ಅದನ್ನು ಬಿರುಗಾಳಿಗೆ ಜೋಡಿಸುವ ವಿದ್ವಾಂಸರೂ ಇದ್ದಾರೆ. ಕ್ರಿ.ಪೂ. 5ನೆಯ ಶತಮಾನದ ಇತಿಹಾಸಕಾರ ಹೆರೊಡೋಟಸನಾದರೋ, ಅಥೀನಾ ದೇವಿಯ ಐಗಿಸ್ ಲಿಬಿಯಾದ ಹೆಂಗಸರು ಹೊದೆಯುತ್ತಿದ್ದ ಕುಚ್ಚುಗಳ ಆಡುದೊಗಲಿನಿಂದ ಬಂದದ್ದೆನ್ನುತ್ತಾನೆ. ದೇವಿಗೆ ಕುಚ್ಚುಗಳ ಬದಲು ಹಾವುಗಳು, ಅಷ್ಟೆ.

ಹೋಮರನ 'ಇಲಿಯಡ್' ಕಾವ್ಯದಲ್ಲಿ ಅಪೊಲೊ ಐಗಿಸನ್ನು ಅಲುಗಿಸಿದಾಗ ಗ್ರೀಕ್ ಸೈನ್ಯ ದಿಕ್ಕೆಟ್ಟು ಓಡುತ್ತದೆ. ಕೊನೆಯಲ್ಲಿ, ಅಕಿಲೀಸ್ ರಥಕ್ಕೆ ಕಟ್ಟಿ ಎಳೆಯುವ ಹೆಕ್ಟರನ ಶವ ತರಚಿಹೋಗದಂತೆ ಅದೇ ಅಪೊಲೊ ಹೊದಿಸುವುದೂ ಐಗಿಸನ್ನೇ. ಬೆದರಿಸುವುದೂ ಕಾಯುವುದೂ ಒಂದೇ ವಸ್ತು.

ಇಂದು ಪದ ಉಳಿದಿದೆ, ತೊಗಲು ಸವೆದಿದೆ. ಬೋಸ್ನಿಯಾದ ಸ್ರೆಬ್ರೆನಿತ್ಸಾವನ್ನು ವಿಶ್ವಸಂಸ್ಥೆ 1993ರಲ್ಲಿ 'ಸುರಕ್ಷಿತ ಪ್ರದೇಶ'ವೆಂದು ಘೋಷಿಸಿತ್ತು. 1995ರ ಜುಲೈನಲ್ಲಿ ಅಲ್ಲಿ ಸುಮಾರು 8,000 ಗಂಡಸರು, ಹುಡುಗರು ಹತರಾದರು. ಬೆದರಿಸುವ ಶಕ್ತಿಯಿಲ್ಲದ ಹೊದಿಕೆ ಯಾರನ್ನೂ ಕಾಯಲಾರದು.

ಹೀಗಾಗಿ 'ಆಶ್ರಯದಲ್ಲಿ' ಎಂದು ಬರೆಯುವ ಮುನ್ನ ಈಗ ನಾನು ಕ್ಷಣಕಾಲ ತಡೆಯುತ್ತೇನೆ: ಈ ಹೊದಿಕೆಯ ಕೆಳಗಿರುವವರು ನಿಜಕ್ಕೂ ಸುರಕ್ಷಿತರೇ?